ವಿಸಿಟ್ ವೀಸಾ ಮೇಲೆ ಹೋಗಿ ಕೆಲಸ ಮಾಡಬಹುದಾ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಗೊತ್ತಿದ್ದದ್ದು ಹೇಳಿ

ತೊಗರಿ ಹೊಲ (ಆಳಂದ)

ನಮಸ್ಕಾರ ಎಲ್ಲರಿಗೂ. ನನ್ನ ತಮ್ಮನ ವಿಷಯದಲ್ಲಿ ಸಲಹೆ ಬೇಕು. ಗಲ್ಫ್‌ಗೆ ಹೋಗಿ ಬಂದವರು, ವೀಸಾ ಕೆಲಸ ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಅವನು ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾನೆ. ಪರಿಚಯದವರ ಕಡೆಯಿಂದ ಒಬ್ಬ ಏಜೆಂಟ್ ಸಿಕ್ಕಿದ್ದಾನೆ. ದುಬೈನಲ್ಲಿ ಕೆಲಸ ರೆಡಿ ಇದೆ, ಈಗ ವಿಸಿಟ್ ವೀಸಾ ಮೇಲೆ ಹೋಗಲಿ, ಅಲ್ಲಿ ಇಳಿದ ಮೇಲೆ ಕಂಪನಿಯೇ ವರ್ಕ್ ವೀಸಾ ಮಾಡಿಸಿಕೊಡುತ್ತದೆ ಅನ್ನುತ್ತಾನೆ. ಒಂದೂವರೆ ಲಕ್ಷ ಹೇಳಿದ್ದಾನೆ. ಅರ್ಧ ಮೊದಲೇ ಕೊಡಬೇಕು, ಅದೂ ನಗದು. ಅವ್ವ ಬಂಗಾರ ಒತ್ತೆ ಇಡೋಣ ಅಂತ ಕೂತಿದ್ದಾಳೆ.

ನನಗೆ ಒಂದು ಮಾತು ಸರಿ ಕಾಣುತ್ತಿಲ್ಲ. ಹೈದರಾಬಾದ್‌ನ ಶಂಶಾಬಾದ್ ಏರ್‌ಪೋರ್ಟ್‌ನಲ್ಲಿ ಇಮಿಗ್ರೇಷನ್‌ನವರು ಕೇಳಿದರೆ "ಚಿಕ್ಕಪ್ಪನ ಮಗನ ಮನೆಗೆ ಹೊರಟಿದ್ದೇನೆ" ಎಂದು ಹೇಳಬೇಕಂತೆ. ದುಬೈನಲ್ಲಿ ನಮಗೆ ಯಾರೂ ಇಲ್ಲ. ಕೆಲಸ ನಿಜವಾಗಿದ್ದರೆ ಸುಳ್ಳು ಯಾಕೆ ಹೇಳಬೇಕು?

ಹುಮನಾಬಾದ್ ಭಾಯ್

ಅಕ್ಕಾ, ಸದ್ಯಕ್ಕೆ ಒಂದು ರೂಪಾಯಿ ಕೂಡ ಕೊಡಬೇಡಿ. ಇದನ್ನು ಪೂರ್ತಿ ಓದಿ, ಅವ್ವನಿಗೂ ಓದಿ ಹೇಳಿ.

ನಾನು ಯುಎಇ, ಸೌದಿ ಎರಡೂ ಕಡೆ ಸೈಟ್‌ನಲ್ಲಿ ಕೆಲಸ ಮಾಡಿ ಬಂದವನು. ವಿಸಿಟ್ ವೀಸಾ ಮೇಲೆ ಕೆಲಸ ಮಾಡುವುದು ಅಲ್ಲಿ ಕಾನೂನಿಗೆ ವಿರುದ್ಧ. ವೀಸಾ ಬದಲಾಯಿಸಲು ಬರುವುದೇ ಇಲ್ಲ ಅಂತಲ್ಲ. ಯುಎಇಯಲ್ಲಿ ಬರುತ್ತದೆ. ಒಬ್ಬ ವಿಸಿಟ್ ಮೇಲೆ ಹೋಗಿ, ಅವನಿಗೆ ಕಂಪನಿ ಸಿಕ್ಕು, ಆ ಕಂಪನಿ ಕಾರ್ಮಿಕ ಇಲಾಖೆಯಿಂದ ವರ್ಕ್ ಪರ್ಮಿಟ್ ತೆಗೆದರೆ ದೇಶದೊಳಗೇ ಸ್ಟೇಟಸ್ ಬದಲಾಗುತ್ತದೆ. ಏಜೆಂಟ್ ಮಾರುವುದು ಈ ಅರ್ಧ ಸತ್ಯವನ್ನೇ. ಪರ್ಮಿಟ್ ಬರುವವರೆಗೆ ಒಂದು ಸ್ವಿಚ್ ಬೋರ್ಡ್ ಕೂಡಿಸಿದರೂ ಅದು ಅಕ್ರಮ ಕೆಲಸ, ಅಷ್ಟು ದಿನದ ಸಂಬಳ ಕೊಡದಿದ್ದರೆ ಹುಡುಗ ಎಲ್ಲಿ ಹೋಗಿ ದೂರು ಕೊಡುತ್ತಾನೆ ಹೇಳಿ, ಕಾಗದದ ಮೇಲೆ ಅವನು ಆ ಕಂಪನಿಯವನೇ ಅಲ್ಲ. ವಿಸಿಟ್ ವೀಸಾ ಸಾಮಾನ್ಯವಾಗಿ 30 ದಿನದ್ದು ಅಥವಾ 60 ದಿನದ್ದು. ಮುಗಿದ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಾಮ್ ದಂಡ ಏರುತ್ತಾ ಹೋಗುತ್ತದೆ. 2024ರಲ್ಲಿ ಅಲ್ಲಿನ ಸರ್ಕಾರ ಕಾನೂನು ಇನ್ನೂ ಬಿಗಿ ಮಾಡಿತು. ಪರ್ಮಿಟ್ ಇಲ್ಲದವರನ್ನು ಕೆಲಸಕ್ಕೆ ಇಟ್ಟುಕೊಂಡ ಕಂಪನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಾಮ್ ತನಕ ದಂಡ. ಹಾಗಾಗಿ ತಪಾಸಣೆ ಬಂತೆಂದರೆ ಕಂಪನಿಯವರು ಮೊದಲು ಹಿಂದಿನ ಬಾಗಿಲಿನಿಂದ ಓಡಿಸುವುದು ಇಂಥ ಹುಡುಗರನ್ನೇ.

ಸರಿಯಾದ ದಾರಿ ಬೇರೆ ಇದೆ. ಕಂಪನಿ ಮೊದಲು ಆಫರ್ ಲೆಟರ್ ಕಳಿಸುತ್ತದೆ. ಅದು ಅಲ್ಲಿನ ಕಾರ್ಮಿಕ ಇಲಾಖೆಯ ನಮೂನೆಯಲ್ಲಿ ಇರಬೇಕು, ಅರೇಬಿಕ್, ಇಂಗ್ಲಿಷ್ ಜೊತೆಗೆ ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು. ಮೂಲ ಸಂಬಳ ಎಷ್ಟು, ಊಟ ರೂಮಿನದ್ದು ಎಷ್ಟು, ಹುದ್ದೆ ಏನು, ಎಲ್ಲ ಅದರಲ್ಲೇ. ಸಹಿ ಆದ ಮೇಲೆ ಉದ್ಯೋಗದ ಎಂಟ್ರಿ ಪರ್ಮಿಟ್ ಬರುತ್ತದೆ. ಅದನ್ನು ಹಿಡಿದು ಇಳಿದ ಮೇಲೆ 60 ದಿನದೊಳಗೆ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ) ಮುಗಿಸಬೇಕು. ಪಾಸ್‌ಪೋರ್ಟ್‌ಗೆ ಸ್ಟಿಕ್ಕರ್ ಅಂಟಿಸುವುದನ್ನು 2022ರಲ್ಲಿ ನಿಲ್ಲಿಸಿದ್ದಾರೆ, ಈಗ ಎಮಿರೇಟ್ಸ್ ಐಡಿಯೇ ದಾಖಲೆ. ನೇಮಕದ ಖರ್ಚನ್ನು ಕೆಲಸಗಾರನಿಂದ ವಸೂಲಿ ಮಾಡಬಾರದು ಎಂದು 2021ರ ಅವರ ಕಾರ್ಮಿಕ ಕಾನೂನೇ ಹೇಳುತ್ತದೆ. ಪಾಸ್‌ಪೋರ್ಟ್ ಕಸಿದು ಇಟ್ಟುಕೊಳ್ಳುವುದೂ ಅಲ್ಲಿ ತಪ್ಪು.

ಇನ್ನೊಂದು. ಏಜೆಂಟ್ ವಾಟ್ಸಾಪ್‌ನಲ್ಲಿ ವೀಸಾ ಕಳಿಸುತ್ತಾನಲ್ಲ, ಅದನ್ನು ದೊಡ್ಡದು ಮಾಡಿ ನೋಡಿ. ಮೇಲ್ಗಡೆ ಯಾವ ಬಗೆಯ ಪರ್ಮಿಟ್ ಎಂದು ಬರೆದಿರುತ್ತದೆ. ಕೆಳಗೆ ಹೆಸರು, ಪಾಸ್‌ಪೋರ್ಟ್ ನಂಬರ್, ಹುದ್ದೆ, ಆಮೇಲೆ ಸ್ಪಾನ್ಸರ್, ಅಂದರೆ ವೀಸಾದ ಹೊಣೆ ಹೊತ್ತವರು. ಆ ಸ್ಪಾನ್ಸರ್ ಸಾಲು ಮುಖ್ಯ. ಅಲ್ಲಿ ಕೆಲಸ ಕೊಡುವ ಕಂಪನಿಯ ಹೆಸರು ಇರಬೇಕು. ಯಾವುದೋ ಟೂರಿಸಂ ಕಂಪನಿ ಹೆಸರು ಇದ್ದರೆ ಅದು ಸುತ್ತಾಡಲು ಹೋಗುವವರ ವೀಸಾ. ಹುದ್ದೆಯ ಜಾಗದಲ್ಲಿ ಏನೇ ಬರೆದಿದ್ದರೂ ಅಷ್ಟೇ.

ಸುರಪುರ ಕೋಟೆ

ಭಾಯ್ ಹೇಳಿದ್ದು ಕಾನೂನು. ಆದರೆ ನಮ್ಮ ಮಾಮನ ಮಗ ವಿಸಿಟ್ ಮೇಲೆಯೇ ಹೋದ, ಎರಡನೇ ತಿಂಗಳಿಗೆ ಕೆಲಸ ಸಿಕ್ಕಿತು, ಇವತ್ತು ಅಲ್ಲೇ ಕುಟುಂಬ ಇಟ್ಟುಕೊಂಡಿದ್ದಾನೆ. ಎಲ್ಲರಿಗೂ ಸುಮ್ನೆ ಹೆದರಿಸಬೇಡಿ.

ಹುಮನಾಬಾದ್ ಭಾಯ್

ಹೆದರಿಸುತ್ತಿಲ್ಲ ತಮ್ಮಾ. ನಿಮ್ಮ ಮಾಮನ ಮಗ ಏನು ಓದಿದ್ದಾನೆ? ಅಲ್ಲಿ ಇಳಿಯಲು ಮನೆ ಇತ್ತಾ? ರಿಟರ್ನ್ ಟಿಕೆಟ್ ತನ್ನ ದುಡ್ಡಿನಲ್ಲಿ ತೆಗೆದಿದ್ದನಾ, ಇಲ್ಲಾ ಬಡ್ಡಿಗೆ ತಂದಿದ್ದನಾ?

ಸುರಪುರ ಕೋಟೆ

ಎಂಬಿಎ. ಅಣ್ಣ ಶಾರ್ಜಾದಲ್ಲಿ ಇದ್ದ, ಅವನ ಮನೆಯಲ್ಲೇ ಇಳಿದ. ಸಾಲ ಇರಲಿಲ್ಲ.

ಹುಮನಾಬಾದ್ ಭಾಯ್

ಹಾಂ, ಅದೇ. ಅವನು ಕೆಲಸ ಹುಡುಕಲು ಹೋದ, ಇಂಟರ್‌ವ್ಯೂ ಕೊಟ್ಟ, ಪರ್ಮಿಟ್ ಬಂದ ಮೇಲೆ ಕೆಲಸಕ್ಕೆ ಕೂತ. ಸಿಗದಿದ್ದರೆ ವಾಪಸ್ ಬಂದು ಇಲ್ಲೇ ಏನಾದರೂ ಮಾಡುತ್ತಿದ್ದ. ಡಿಗ್ರಿ ಇದ್ದವರಿಗೆ ಅಂತಲೇ ಯುಎಇ 2022ರಲ್ಲಿ ಕೆಲಸ ಹುಡುಕುವ ವಿಸಿಟ್ ವೀಸಾ ಬೇರೆ ತೆಗೆದಿದೆ, 60, 90, 120 ದಿನದ್ದು, ಸ್ಪಾನ್ಸರ್ ಬೇಕಿಲ್ಲ. ಅಕ್ಕನ ತಮ್ಮನ ಕಥೆ ಹಾಗಲ್ಲ. ಬಂಗಾರ ಒತ್ತೆ ಇಟ್ಟು ಹೋದ ಹುಡುಗ ಮೊದಲ ವಾರದಿಂದಲೇ ಸಂಬಳ ಬೇಕು ಅನ್ನುವ ಒತ್ತಡದಲ್ಲಿ ಇರುತ್ತಾನೆ. ಯಾರು ಯಾವ ಕೆಲಸಕ್ಕೆ ಕರೆದರೂ ಹೋಗುತ್ತಾನೆ. ಅವನ ಆ ಅವಸರ ಏಜೆಂಟ್‌ಗೆ ಚೆನ್ನಾಗಿ ಗೊತ್ತಿರುತ್ತದೆ.

ಸೂಪರ್ ಮಾರ್ಕೆಟ್ ಆನ್‌ಲೈನ್ (ಕಲಬುರಗಿ)

ನಾನು ಪಾಸ್‌ಪೋರ್ಟ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತೇನೆ, ಇಂಥ ಹುಡುಗರು ದಿನಾ ಬರುತ್ತಾರೆ. ಅಕ್ಕಾ, ಮೊದಲು ತಮ್ಮನ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಎಂಬ ಗುರುತು) ಎಂದು ಇದೆಯಾ ನೋಡಿ. ಹತ್ತನೇ ತರಗತಿ ಪಾಸಾದ ದಾಖಲೆ ಕೊಡದಿದ್ದರೆ ಇಸಿಆರ್ ಬರುತ್ತದೆ. ಇಸಿಆರ್ ಇದ್ದವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕೇ ಬೇಕು. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹರೇನ್ ಎಲ್ಲ ಅದರಲ್ಲಿ ಬರುತ್ತವೆ, ಮಲೇಷ್ಯಾ, ಥಾಯ್ಲೆಂಡ್ ಕೂಡ. ಇದು 1983ರ ಎಮಿಗ್ರೇಷನ್ ಕಾಯ್ದೆಯಿಂದ ಬಂದದ್ದು.

ಏಜೆಂಟ್‌ಗಳು ವಿಸಿಟ್ ವೀಸಾ ಹಿಡಿಯುವುದಕ್ಕೆ ದೊಡ್ಡ ಕಾರಣವೇ ಇದು. ಕೆಲಸದ ವೀಸಾ ಅಂದರೆ ಕ್ಲಿಯರೆನ್ಸ್ ಬೇಕು. ಕ್ಲಿಯರೆನ್ಸ್ ಬೇಕೆಂದರೆ ಕಂಪನಿ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು, ಒಪ್ಪಂದ ಅಲ್ಲಿ ಹಾಕಬೇಕು, ಏಜೆಂಟ್‌ಗೆ ಲೈಸೆನ್ಸ್ ಇರಬೇಕು. ಈ ಮೂರೂ ಇಲ್ಲದವನು "ವಿಸಿಟ್ ಮೇಲೆ ಹೋಗು, ಚಿಕ್ಕಪ್ಪನ ಮಗನ ಮನೆ ಅನ್ನು" ಎಂದು ಹೇಳಿಕೊಡುತ್ತಾನೆ. ಅಕ್ಕಾ, ನಿಮಗೆ ಸರಿ ಕಾಣದ ಮಾತಿನ ಹಿಂದೆ ಇರುವುದು ಇದು. ಕೌಂಟರ್‌ನಲ್ಲಿ ಎರಡು ಪ್ರಶ್ನೆ ಜಾಸ್ತಿ ಕೇಳಿದರೆ ಹುಡುಗ ತೊದಲುತ್ತಾನೆ, ವಿಮಾನ ಹತ್ತಿಸದೆ ಆಫ್‌ಲೋಡ್ ಮಾಡಿ ಕಳಿಸುತ್ತಾರೆ. ಟಿಕೆಟ್ ದುಡ್ಡೂ ಹೋಯಿತು.

ತಮ್ಮ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನಲ್ವಾ? ಆದರೂ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಇದ್ದರೆ ಅಂಕಪಟ್ಟಿ ಹಚ್ಚಿ ರೀ-ಇಶ್ಯೂಗೆ ಹಾಕಿ, ತೆಗೆದುಕೊಡುತ್ತಾರೆ. ಮಾನ್ಯತೆ ಇರುವ ಎರಡು ವರ್ಷದ ಐಟಿಐ ಸರ್ಟಿಫಿಕೇಟ್‌ಗೂ ವಿನಾಯಿತಿ ಇದೆ. 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ, ಒಟ್ಟು ಮೂರು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದವರಿಗೆ ಕೂಡ ಇದೆ. ಇದಕ್ಕೆ ಯಾವ ಏಜೆಂಟೂ ಬೇಡ, ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ.

ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಲೈಸೆನ್ಸ್ ಇರುವ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಜಿಎಸ್‌ಟಿ ಸೇರಿಸಿದರೆ 35,400. ರಸೀದಿ ಕೊಡಬೇಕು. ಒಂದೂವರೆ ಲಕ್ಷ ನಗದು ಕೇಳುವವನು ರಸೀದಿ ಕೊಡುತ್ತಾನಾ ಕೇಳಿ ನೋಡಿ. ಇ-ಮೈಗ್ರೇಟ್‌ನಲ್ಲಿ ಲೈಸೆನ್ಸ್ ಇರುವ ಏಜೆಂಟ್‌ಗಳ ಪಟ್ಟಿ ಇದೆ, ಲೈಸೆನ್ಸ್ ಇಲ್ಲದೆ ಜನ ಕಳಿಸುವವರ ಪಟ್ಟಿಯೂ ಇದೆ. ಎರಡರಲ್ಲೂ ಹೆಸರು ಹುಡುಕಿ. "ನಾನು ಹೈದರಾಬಾದ್‌ನ ದೊಡ್ಡ ಆಫೀಸಿನ ಸಬ್ ಏಜೆಂಟ್" ಅಂದರೆ ನಂಬಬೇಡಿ, ಆ ದೊಡ್ಡ ಆಫೀಸಿಗೇ ನೇರ ಹೋಗಿ ಕೇಳಿ.

ತೊಗರಿ ಹೊಲ (ಆಳಂದ)

ಪಾಸ್‌ಪೋರ್ಟ್ ತೆಗೆದು ನೋಡಿದೆ, ಇಸಿಆರ್ ಇದೆ. ಅಂಕಪಟ್ಟಿ ಮನೆಯಲ್ಲೇ ಇದೆ, ಅರ್ಜಿ ಹಾಕುವಾಗ ಯಾರೂ ಹೇಳಿರಲಿಲ್ಲ. ಏಜೆಂಟ್‌ಗೆ ಲೈಸೆನ್ಸ್ ನಂಬರ್ ಕೇಳಿದ್ದಕ್ಕೆ "ನಂಬಿಕೆ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ, ಸೀಟ್ ಬೇರೆಯವರಿಗೆ ಹೋಗುತ್ತದೆ" ಎಂದ.

ಜೇವರ್ಗಿ ಕ್ರಾಸ್

ಬಿಡಿ ಅಂದನಲ್ಲ, ಬಿಟ್ಟುಬಿಡಿ ಅಕ್ಕಾ.

ನಮ್ಮ ಜಿಲ್ಲೆಯಲ್ಲೇ ಆದದ್ದನ್ನು ಎಲ್ಲರೂ ಇಷ್ಟು ಬೇಗ ಮರೆತರಾ? 2023ರ ಕೊನೆಗೆ ಕಲಬುರಗಿಯ ಹುಡುಗರು ರಷ್ಯಾದಲ್ಲಿ ಸೆಕ್ಯುರಿಟಿ, ಹೆಲ್ಪರ್ ಕೆಲಸ ಎಂದು ನಂಬಿ ಹೋದರು. ಯೂಟ್ಯೂಬ್ ವಿಡಿಯೊ ನೋಡಿ ಏಜೆಂಟ್‌ನನ್ನು ನಂಬಿದ್ದರು. ಅಲ್ಲಿ ಓದಲು ಬಾರದ ರಷ್ಯನ್ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿ, ಕೈಗೆ ಬಂದೂಕು ಕೊಟ್ಟು, ಉಕ್ರೇನ್ ಯುದ್ಧಕ್ಕೆ ಕಳಿಸಿದರು. ಗುಜರಾತಿನ ಒಬ್ಬ, ಹೈದರಾಬಾದಿನ ಒಬ್ಬ ಅಲ್ಲೇ ಸತ್ತರು. 2024ರ ಮಾರ್ಚ್‌ನಲ್ಲಿ ಸಿಬಿಐ ಕೇಸು ಹಾಕಿತು. ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ಪುಟಿನ್ ಜೊತೆ ಈ ವಿಷಯ ಎತ್ತಿದರು. ಸೆಪ್ಟೆಂಬರ್‌ನಲ್ಲಿ ನಮ್ಮ ಹುಡುಗರು ಹೈದರಾಬಾದ್‌ಗೆ ಇಳಿದರು. ಅಷ್ಟು ತಿಂಗಳು ಆ ತಂದೆ ತಾಯಿಗಳು ಮೊಬೈಲ್ ಕೈಯಲ್ಲಿ ಹಿಡಿದೇ ಕೂತಿದ್ದರು.

ಥಾಯ್ಲೆಂಡ್ ಕಥೆಯೂ ಅದೇ. ಭಾರತೀಯರಿಗೆ ಅಲ್ಲಿಗೆ ವೀಸಾ ಇಲ್ಲದೆ ಹೋಗಲು 2023ರ ಕೊನೆಯಿಂದ ಬಿಟ್ಟರು, ಅದನ್ನೇ ಹಿಡಿದು "ಕಂಪ್ಯೂಟರ್ ಡೇಟಾ ಎಂಟ್ರಿ ಕೆಲಸ" ಎಂದು ಕರೆದುಕೊಂಡು ಹೋಗಿ ಗಡಿ ದಾಟಿಸಿ ಮ್ಯಾನ್ಮಾರ್‌ನ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿ ಹಾಕಿದರು. 2025ರ ಮಾರ್ಚ್‌ನಲ್ಲಿ ವಾಯುಪಡೆ ವಿಮಾನ ಕಳಿಸಿ 500ಕ್ಕೂ ಹೆಚ್ಚು ಭಾರತೀಯರನ್ನು ಕರೆತರಬೇಕಾಯಿತು. ಎಲ್ಲಿ ವೀಸಾ ಸುಲಭವೋ ಅಲ್ಲಿ ಕೆಲಸವೂ ಸುಲಭ ಎಂದು ಯಾರಾದರೂ ಹೇಳಿದರೆ ಹುಷಾರಾಗಿರಿ.

ಚಿತ್ತಾಪುರ ಮಾಸ್ತರ್

ವಿಮೆಯ ಮಾತು ಯಾರೂ ಎತ್ತಲಿಲ್ಲ. ಕ್ಲಿಯರೆನ್ಸ್ ತೆಗೆದುಕೊಂಡು ಹೋಗುವವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಬೇರೆ. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. 2024ರ ಜೂನ್‌ನಲ್ಲಿ ಕುವೈತ್‌ನ ಮಂಗಾಫ್‌ನಲ್ಲಿ ಕೆಲಸಗಾರರ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಹೋದರಲ್ಲ, ಅದರಲ್ಲಿ ಆಳಂದ ತಾಲ್ಲೂಕಿನವರೂ ಒಬ್ಬರಿದ್ದರು. ವಿಸಿಟ್ ವೀಸಾ ಮೇಲೆ ಹೋಗಿ ಕೆಲಸ ಮಾಡುವವನಿಗೆ ಈ ವಿಮೆ ಇಲ್ಲ. ಮನೆಯವರಿಗೆ ಕೈಗೆ ಏನೂ ಬರುವುದಿಲ್ಲ.

ಮಳಖೇಡ ರಸ್ತೆ

ಸೌದಿ ಬಗ್ಗೆ ಯಾರಾದರೂ ಹೇಳ್ತೀರಾ? ನನಗೆ "ಆಜಾದ್ ವೀಸಾ" ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದಂತೆ.

ಹುಮನಾಬಾದ್ ಭಾಯ್

ಸೌದಿ ಕಾನೂನಿನಲ್ಲಿ ಆ ವೀಸಾ ಇಲ್ಲ. ಯಾರೋ ಒಬ್ಬ ಕಫೀಲನ (ವೀಸಾ ಸ್ಪಾನ್ಸರ್ ಮಾಡುವ ಅಲ್ಲಿನ ಮಾಲೀಕ) ಹೆಸರಿನಲ್ಲಿ ವೀಸಾ ತೆಗೆದು, ಅವನಿಗೆ ದುಡ್ಡು ಕೊಡುತ್ತಾ, ಹೊರಗೆ ಬೇರೆಯವರ ಹತ್ತಿರ ಕೆಲಸ ಮಾಡುವುದು, ಅದಕ್ಕೆ ನಮ್ಮ ಜನ ಹಾಗೆ ಕರೆಯುತ್ತಾರೆ. ಸಿಕ್ಕಿಬಿದ್ದರೆ ದಂಡ, ಜೈಲು, ವಾಪಸ್. ಕಫೀಲನಿಗೆ ಮನಸ್ಸು ಕೆಟ್ಟರೆ ಹುರೂಬ್ ಹಾಕುತ್ತಾನೆ, ಅಂದರೆ ಕೆಲಸ ಬಿಟ್ಟು ಓಡಿಹೋಗಿದ್ದಾನೆ ಎಂದು ಬರೆಸುತ್ತಾನೆ. ಅಲ್ಲಿಗೆ ಇಕಾಮಾ (ಅಲ್ಲಿ ಇರಲು ಕೊಡುವ ಪರ್ಮಿಟ್) ಕೆಲಸಕ್ಕೆ ಬರುವುದಿಲ್ಲ, ಊರಿಗೆ ಬರುವುದೂ ಕಷ್ಟ.

2021ರ ಮಾರ್ಚ್‌ನಿಂದ ಸೌದಿಯಲ್ಲಿ ಸ್ವಲ್ಪ ಸುಧಾರಣೆ ಆಗಿದೆ. ಖಾಸಗಿ ಕಂಪನಿಯ ಕೆಲಸಗಾರ ಒಪ್ಪಂದದ ನಿಯಮ ಪಾಲಿಸಿದರೆ ಬೇರೆ ಕಂಪನಿಗೆ ಬದಲಾಗಬಹುದು, ಊರಿಗೆ ಹೋಗಿ ವಾಪಸ್ ಬರುವ ಅನುಮತಿ, ಅಂದರೆ ಎಕ್ಸಿಟ್ ರೀ-ಎಂಟ್ರಿಯನ್ನು ತಾನೇ ಹಾಕಿಕೊಳ್ಳಬಹುದು. ಒಪ್ಪಂದ ಕಿವಾ ಅನ್ನುವ ಪೋರ್ಟಲ್‌ನಲ್ಲಿ ಇರುತ್ತದೆ. ಆದರೆ ಮನೆಗೆಲಸದವರು, ಮನೆ ಡ್ರೈವರ್‌ಗಳು ಆ ಸುಧಾರಣೆಯಲ್ಲಿ ಸೇರಿರಲಿಲ್ಲ. ನಮ್ಮ ಕಡೆಯಿಂದ ಜಾಸ್ತಿ ಹೋಗುವುದೇ ಹೌಸ್ ಡ್ರೈವರ್ ಆಗಿ. ಅದನ್ನು ತಿಳಿದೇ ಹೋಗಿ.

ಇಕಾಮಾದಲ್ಲಿ ಬರೆದ ಹುದ್ದೆ ಬೇರೆ, ಮಾಡುವ ಕೆಲಸ ಬೇರೆ ಆಗಬಾರದು. ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್ ಥರದ ಕೆಲಸಕ್ಕೆ ಈಗ ಹೋಗುವ ಮೊದಲೇ ಭಾರತದಲ್ಲೇ ಸೌದಿಯ ಕೌಶಲ ಪರೀಕ್ಷೆ ಪಾಸಾಗಬೇಕು. ಆ ಪರೀಕ್ಷೆ ತಪ್ಪಿಸಲು ಕೆಲವರು "ಆಮಿಲ್" (ಕೂಲಿಯವ) ಎಂದು ಹಾಕಿಸಿ ಕಳಿಸುತ್ತಾರೆ. ಆಮೇಲೆ ಸಂಬಳವೂ ಕೂಲಿಯವನ ಸಂಬಳವೇ. ಕೈಯಲ್ಲಿ ಕೆಲಸ ಇರುವ ಹುಡುಗ ಪರೀಕ್ಷೆ ಬರೆದು ಹೋದರೆ ಅವನ ಮಾತಿಗೂ ತೂಕ ಇರುತ್ತದೆ.

ಭೀಮಾ ಬ್ರಿಜ್ (ಯಾದಗಿರಿ)

ನಾನು ನರ್ಸ್. ನಮ್ಮವರಿಗೆ ಒಂದು ಮಾತು. ಮೇಲೆ ಹೇಳಿದ ಆ 18 ದೇಶಗಳಿಗೆ ಹೋಗುವ ನರ್ಸ್‌ಗೆ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಇಲ್ಲದಿದ್ದರೂ ಕ್ಲಿಯರೆನ್ಸ್ ಬೇಕು, 2015ರಿಂದ ಹಾಗಿದೆ. ನರ್ಸ್‌ಗಳಿಂದ ಲಕ್ಷ ಲಕ್ಷ ಕಿತ್ತುಕೊಳ್ಳುತ್ತಿದ್ದ ಏಜೆನ್ಸಿಗಳ ಹಾವಳಿಗೆ ಆ ಆದೇಶ ಬಂತು. ಸೌದಿಗೆ ಪ್ರೊಮೆಟ್ರಿಕ್ ಅನ್ನುವ ವೃತ್ತಿ ಪರೀಕ್ಷೆ, ಡೇಟಾಫ್ಲೋ ಅನ್ನುವ ದಾಖಲೆ ಪರಿಶೀಲನೆ ಎರಡೂ ಬೇಕು. ಡೇಟಾಫ್ಲೋದವರು ನಿಮ್ಮ ಕಾಲೇಜಿಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರ ಕೇಳುತ್ತಾರೆ, ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಹಚ್ಚಿದರೆ ಅಲ್ಲೇ ಮುಗಿಯಿತು. ಬ್ರಿಟನ್‌ಗೆ ಕೇರ್ ವರ್ಕರ್ ಆಗಿ ಕಳಿಸುತ್ತೇವೆ ಅಂತ ಈಗಲೂ ಜಾಹೀರಾತು ಬರುತ್ತಿವೆ. ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನು ಕರೆಸುವುದನ್ನು ಅವರು 2025ರ ಜುಲೈ 22ರಿಂದ ನಿಲ್ಲಿಸಿದ್ದಾರೆ. ನರ್ಸ್ ದಾರಿ ಬೇರೆ, ಅದು ಇದೆ. ನಮ್ಮ ರಾಜ್ಯ ಸರ್ಕಾರದ ಕೌಶಲ ನಿಗಮದ ಕೆಳಗೆ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ಖಾಸಗಿಯವರ ಹತ್ತಿರ ಹೋಗುವ ಮುಂಚೆ ಅಲ್ಲಿ ವಿಚಾರಿಸಿ.

ಕೊಳಾರ ಫಾರ್ಮಾ (ಬೀದರ್)

ಚರ್ಚೆ ಗಲ್ಫ್ ಕಡೆ ಹೋಗಿದೆ, ಮಧ್ಯದಲ್ಲಿ ನನ್ನದೊಂದು. ನಾನು ಕೊಳಾರ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಮೆಂಟೆನೆನ್ಸ್‌ನಲ್ಲಿ ಇದ್ದೇನೆ. ಜರ್ಮನಿಯಿಂದ ಪ್ಯಾಕಿಂಗ್ ಮಷಿನ್ ತರಿಸುತ್ತಿದ್ದಾರೆ. ಅದನ್ನು ಅಲ್ಲೇ ಹೋಗಿ ನೋಡಿ, ಟೆಸ್ಟ್ ಮಾಡಿ, ಟ್ರೇನಿಂಗ್ ತೆಗೆದುಕೊಂಡು ಬರಬೇಕು. ಬಿಸಿನೆಸ್ ವೀಸಾ ಸಾಕಾ? ಆಫೀಸಿನಲ್ಲಿ ಒಬ್ಬರು "ಟೂರಿಸ್ಟ್ ಹಾಕು, ಬೇಗ ಆಗುತ್ತದೆ" ಅನ್ನುತ್ತಾರೆ.

ಮಾಂಜ್ರಾ ದಡ (ಊರು ಬೀದರ್, ಈಗ ಹೈದರಾಬಾದ್)

ಟೂರಿಸ್ಟ್ ಹಾಕಬೇಡಿ ಅಣ್ಣಾ. ನಾನು ಕಂಪನಿಯೊಂದರ ಟ್ರಾವೆಲ್ ಡೆಸ್ಕ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ.

ನಿಮ್ಮದಕ್ಕೆ ಬಿಸಿನೆಸ್ ವೀಸಾ ಸರಿಯಾಗಿದೆ. ಕೊಂಡುಕೊಳ್ಳುವ ಮಷಿನ್ ಪರೀಕ್ಷಿಸುವುದು, ಮೀಟಿಂಗ್, ಮಾತುಕತೆ, ಮಷಿನ್ ನಡೆಸುವುದನ್ನು ಕಲಿಯುವುದು, ಇದೆಲ್ಲ ಬಿಸಿನೆಸ್ ವೀಸಾದಲ್ಲಿ ಆಗುತ್ತದೆ. ಸಂಬಳ ಬೀದರ್‌ನಿಂದಲೇ ಬರುತ್ತಿರಬೇಕು. ಅಲ್ಲಿನ ಕಾರ್ಖಾನೆಯ ಲೈನ್‌ನಲ್ಲಿ ನಿಂತು ಅವರ ಕೆಲಸ ಮಾಡಿಕೊಡುವುದು ಆಗದು, ಅದಕ್ಕೆ ಕೆಲಸದ ನ್ಯಾಷನಲ್ ವೀಸಾ ಬೇಕು. ಯೋಚನೆ ಮಾಡಬೇಕಾದದ್ದು ಒಂದೇ. ನೀವು ಅಲ್ಲಿ ಮಾಡುವ ಕೆಲಸದ ಲಾಭ ಯಾರಿಗೆ? ನಿಮ್ಮ ಬೀದರ್ ಕಂಪನಿಗೆ ಆದರೆ ಬಿಸಿನೆಸ್. ಅಲ್ಲಿನ ಕಂಪನಿ ಒಬ್ಬ ಆಳನ್ನು ಇಡುವ ಬದಲು ನಿಮ್ಮ ಕೈಯಲ್ಲಿ ಮಾಡಿಸಿಕೊಂಡರೆ ಅದು ಕೆಲಸ. ಅಂಚಿನಲ್ಲಿ ಇರುವ ವಿಷಯಕ್ಕೆ ದೇಶ ದೇಶದ ನಿಯಮ ಬೇರೆ ಇರುತ್ತದೆ, ಕಾನ್ಸುಲೇಟ್‌ಗೆ ಬರೆದು ಕೇಳಿ, ಉತ್ತರ ಇಟ್ಟುಕೊಳ್ಳಿ.

ಕಾಗದ ಏನೇನು ಅಂದರೆ ಜರ್ಮನಿ ಕಂಪನಿಯ ಆಹ್ವಾನ ಪತ್ರ, ನಿಮ್ಮ ಕಂಪನಿಯ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಫೀ 90 ಯೂರೋ, 2024ರ ಜೂನ್‌ನಲ್ಲಿ 80ರಿಂದ ಏರಿತು. ಆರು ತಿಂಗಳ ಮುಂಚೆಯಿಂದ ಹಾಕಬಹುದು, ಕೊನೆಗೆ 15 ದಿನವಾದರೂ ಕೈಯಲ್ಲಿ ಇರಬೇಕು, ಆದರೆ ಅಪಾಯಿಂಟ್‌ಮೆಂಟ್ ಸಿಗುವುದೇ ತಡ. ಎರಡು ಪತ್ರಗಳಲ್ಲಿ ತಾರೀಖು, ಉದ್ದೇಶ ಒಂದೇ ಇರಲಿ. ಒಂದರಲ್ಲಿ ಟ್ರೇನಿಂಗ್, ಇನ್ನೊಂದರಲ್ಲಿ "ಟೆಕ್ನಿಕಲ್ ಕೆಲಸ" ಎಂದು ಇದ್ದರೆ ಅಲ್ಲೇ ಅನುಮಾನ ಬರುತ್ತದೆ. ಇಂಟರ್‌ವ್ಯೂನಲ್ಲಿ ಕೇಳಿದರೆ ಮಷಿನ್ ಹೆಸರು, ಯಾವ ಊರು, ಎಷ್ಟು ದಿನ, ಸರಳವಾಗಿ ಹೇಳಿ.

90 ದಿನದ ಲೆಕ್ಕದಲ್ಲಿ ಜನ ಎಡವುತ್ತಾರೆ. ಷೆಂಗೆನ್‌ನಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನದಲ್ಲಿ 90 ದಿನ ಮಾತ್ರ. ಕ್ಯಾಲೆಂಡರ್‌ನ ಆರು ತಿಂಗಳಲ್ಲ ಅದು. ಅಲ್ಲಿ ಇರುವ ಪ್ರತಿ ದಿನ ಹಿಂದಕ್ಕೆ 180 ದಿನ ಎಣಿಸಿ ನೋಡುತ್ತಾರೆ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ. ಜರ್ಮನಿಯಲ್ಲಿ 40, ಇಟಲಿಯಲ್ಲಿ 50 ಇದ್ದರೆ ಮುಗಿಯಿತು, ದೇಶ ಬೇರೆ ಆದರೂ ಎಣಿಕೆ ಒಂದೇ. 2025ರ ಅಕ್ಟೋಬರ್‌ನಿಂದ ಮುದ್ರೆಯ ಬದಲು ಬೆರಳಚ್ಚು, ಫೋಟೊ ತೆಗೆದು ಕಂಪ್ಯೂಟರ್‌ನಲ್ಲಿ ದಾಖಲು ಮಾಡುವುದನ್ನು ಶುರು ಮಾಡಿದ್ದಾರೆ. ಒಂದು ದಿನ ಜಾಸ್ತಿ ಆದರೂ ಗೊತ್ತಾಗುತ್ತದೆ.

ಅಮೆರಿಕದ ಬಿಸಿನೆಸ್ ವೀಸಾ ಬಿ-1ಕ್ಕೂ ಇದೇ ಮಾತು. ದೊಡ್ಡವರಿಗೂ ವಿನಾಯಿತಿ ಇಲ್ಲ. 2013ರಲ್ಲಿ ಇನ್ಫೋಸಿಸ್ ಮೇಲೆ ಬಿ-1 ವೀಸಾದಲ್ಲಿ ಜನ ಕಳಿಸಿ ಅಲ್ಲಿ ಕೆಲಸ ಮಾಡಿಸಿದರು ಎಂಬ ಆರೋಪ ಬಂದು, 3.4 ಕೋಟಿ ಡಾಲರ್ ಕೊಟ್ಟು ರಾಜಿ ಆಯಿತು. ವೀಸಾ ವಂಚನೆ ಮಾಡಿದೆವು ಎಂದು ಕಂಪನಿ ಒಪ್ಪಲಿಲ್ಲ, ಆದರೂ ಅಷ್ಟು ಕಟ್ಟಬೇಕಾಯಿತು. ಈಗ ಅಲ್ಲಿನ ಕೆಲಸದ ವೀಸಾ ಹೊಸ ಎಚ್-1ಬಿಗೆ ಒಂದು ಲಕ್ಷ ಡಾಲರ್ ಎಂದು 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಆದೇಶ ಬಂದ ಮೇಲೆ, ಬಿಸಿನೆಸ್ ವೀಸಾ ಮೇಲೆ ಕಳಿಸಿ ಕೆಲಸ ಮುಗಿಸೋಣ ಎಂಬ ಆಸೆ ಕಂಪನಿಗಳಿಗೆ ಬರಬಹುದು. ಕಂಪನಿ ಹೇಳಿತು ಎಂದು ಹೋಗಬೇಡಿ. ಇಮಿಗ್ರೇಷನ್ ಕೌಂಟರ್‌ನಲ್ಲಿ ಬೆರಳಚ್ಚು ಕೊಡುವವರು ನೀವು.

ಕೊಳಾರ ಫಾರ್ಮಾ (ಬೀದರ್)

ಅಕ್ಕಾ, ತುಂಬಾ ಉಪಕಾರ ಆಯಿತು. ಇದನ್ನೇ ಪ್ರಿಂಟ್ ತೆಗೆದು ಎಚ್ಆರ್‌ಗೆ ಕೊಡುತ್ತೇನೆ.

ದಾಲ್ ಮಿಲ್ (ಕಲಬುರಗಿ)

ವ್ಯಾಪಾರಿಗಳ ಕಡೆಯಿಂದ ನನ್ನದೂ ಸೇರಲಿ. ತೊಗರಿ ನಮ್ಮಲ್ಲೇ ಬೆಳೆದರೂ ಸಾಲದು, 2016ರಲ್ಲಿ ಮೊಜಾಂಬಿಕ್ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡ ಮೇಲೆ ಆಫ್ರಿಕಾದ ಕಾಳು ಜಾಸ್ತಿ ಬರುತ್ತಿದೆ. ಹಾಗಾಗಿ ಮಿಲ್‌ನವರು ಟಾಂಜಾನಿಯಾ ಕಡೆ ಮಾಲು ನೋಡಲು ಹೋಗುತ್ತಾರೆ. ಅಲ್ಲಿ ಸಾದಾ ಟೂರಿಸ್ಟ್ ವೀಸಾ 50 ಡಾಲರ್, ಬಿಸಿನೆಸ್ ವೀಸಾ 250 ಡಾಲರ್. 200 ಡಾಲರ್ ಉಳಿಸಲು ಟೂರಿಸ್ಟ್ ತೆಗೆದುಕೊಂಡು ಗೋದಾಮಿನಲ್ಲಿ ನಿಂತು ರೇಟ್ ಮಾತಾಡುವುದು ಬೇಡ. ತಪಾಸಣೆ ಬಂದರೆ ದಂಡ ಅದಕ್ಕಿಂತ ಜಾಸ್ತಿ, ಜೊತೆಗೆ ಅಲ್ಲಿನ ಪಾರ್ಟಿಯೂ ಇಕ್ಕಟ್ಟಿಗೆ ಸಿಕ್ಕಿ ಮಾಲೂ ನಿಲ್ಲುತ್ತದೆ. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮುಂಚೆಯೇ ಹಾಕಿಸಿ. ಹೈದರಾಬಾದ್‌ನಲ್ಲಿ ನಾರಾಯಣಗುಡದ ಸರ್ಕಾರಿ ಸಂಸ್ಥೆಯಲ್ಲಿ ಹಾಕುತ್ತಾರೆ. ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಒಮ್ಮೆ ತೆಗೆದರೆ ಜೀವನಪೂರ್ತಿ ನಡೆಯುತ್ತದೆ. ಅದಿಲ್ಲದೆ ಆ ರೋಗವಿರುವ ದೇಶದಿಂದ ವಾಪಸ್ ಬಂದರೆ ನಮ್ಮ ಏರ್‌ಪೋರ್ಟ್‌ನಲ್ಲೇ ಆರು ದಿನದ ತನಕ ಕ್ವಾರಂಟೈನ್‌ನಲ್ಲಿ ಕೂರಿಸಬಹುದು.

ಚೌಬಾರಾ ಹತ್ತಿರ (ಬೀದರ್)

ನಮ್ಮದು ಬಿದರಿ ಕೆಲಸದ ಮನೆ. ಫ್ರಾಂಕ್‌ಫರ್ಟ್‌ನ ಆಂಬಿಯೆಂಟೆ ಮೇಳಕ್ಕೆ ಹೋಗುವ ಅವಕಾಶ ಬಂದಿದೆ. ಸ್ಟಾಲ್‌ನಲ್ಲಿ ಕೂತು ಮಾರಬಹುದಾ, ಅಲ್ಲೇ ಕೆತ್ತಿ ತೋರಿಸಬಹುದಾ? ಮಾಂಜ್ರಾ ಅಕ್ಕಾ, ನೀವೇ ಹೇಳಬೇಕು.

ಮಾಂಜ್ರಾ ದಡ (ಊರು ಬೀದರ್, ಈಗ ಹೈದರಾಬಾದ್)

ಓದಿ ಬಹಳ ಖುಷಿ ಆಯಿತು. ಬಿಸಿನೆಸ್ ವೀಸಾ ಹಾಕಿ. ಮೇಳದವರೇ ವೀಸಾಕ್ಕೆ ಪತ್ರ ಕೊಡುತ್ತಾರೆ. ಅದು ವ್ಯಾಪಾರಸ್ಥರ ಮೇಳ, ಆರ್ಡರ್ ಹಿಡಿಯಲು ಹೋಗುವುದು, ಆರ್ಡರ್ ಹಿಡಿಯಿರಿ. ಕೆತ್ತಿ ತೋರಿಸುವುದಿದ್ದರೆ ಪತ್ರದಲ್ಲಿ ಪ್ರಾತ್ಯಕ್ಷಿಕೆ ಎಂದು ಬರೆಸಿ, ಅದಕ್ಕೆ ಅಲ್ಲಿ ಕೂಲಿ ತೆಗೆದುಕೊಳ್ಳುವಂತಿಲ್ಲ. ಮಾದರಿ ಹೂಜಿ, ತಟ್ಟೆ ಒಯ್ದು ವಾಪಸ್ ತರುವುದಾದರೆ ಎಟಿಎ ಕಾರ್ನೆ ಅನ್ನುವ ಕಾಗದ ಮಾಡಿಸಿ. ನಮ್ಮ ದೇಶದಲ್ಲಿ ಅದನ್ನು ಫಿಕ್ಕಿ ಅನ್ನುವ ವಾಣಿಜ್ಯ ಒಕ್ಕೂಟ ಕೊಡುತ್ತದೆ, ಒಂದು ವರ್ಷ ನಡೆಯುತ್ತದೆ, ಅಲ್ಲಿ ಸುಂಕ ಕಟ್ಟಬೇಕಿಲ್ಲ. ಅಲ್ಲೇ ಮಾರಿಬಿಡುವ ಮಾಲನ್ನು ಅದರಲ್ಲಿ ಸೇರಿಸಬೇಡಿ, ಅದಕ್ಕೆ ಸುಂಕ, ತೆರಿಗೆ ಬೇರೆ ಇದೆ.

ಚೌಬಾರಾ ಹತ್ತಿರ (ಬೀದರ್)

ಉಳಿ, ಬೆಳ್ಳಿ ತಂತಿ ಒಯ್ಯಬಹುದಲ್ವಾ? ಮತ್ತೆ ಮಣ್ಣು ಬಳಸಿ ಪಾತ್ರೆಯನ್ನು ಕಪ್ಪು ಮಾಡುವುದನ್ನೂ ತೋರಿಸೋಣ ಅಂತ ಅಪ್ಪ ಕೋಟೆ ಮಣ್ಣು ಒಂದು ಚೀಲ ಕಟ್ಟಿಟ್ಟಿದ್ದಾರೆ.

ಮಾಂಜ್ರಾ ದಡ (ಊರು ಬೀದರ್, ಈಗ ಹೈದರಾಬಾದ್)

ಉಳಿ ಕೈಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗ್‌ನಲ್ಲಿ ಹಾಕಿ. ಉಳಿಯನ್ನು ಕಾರ್ನೆ ಪಟ್ಟಿಯಲ್ಲಿ ಬರೆಸಿ. ತಂತಿ ಅಲ್ಲೇ ಖರ್ಚಾಗುವ ವಸ್ತು, ಅದನ್ನು ಕಾರ್ನೆಯಲ್ಲಿ ಸೇರಿಸಬೇಡಿ. ಮಣ್ಣು ಮಾತ್ರ ಬೇಡ. ಹೊರಗಿನ ದೇಶಗಳ ಮಣ್ಣು ಯುರೋಪಿನೊಳಗೆ ತರುವುದನ್ನು ಅವರು ಬೆಳೆ ರೋಗದ ಭಯಕ್ಕೆ ನಿಷೇಧಿಸಿದ್ದಾರೆ, ಕಸ್ಟಮ್ಸ್‌ನಲ್ಲಿ ಸಿಕ್ಕರೆ ಎಸೆಯುತ್ತಾರೆ, ಪೂರ್ತಿ ಬ್ಯಾಗ್ ಬಿಚ್ಚಿಸುತ್ತಾರೆ. ಕಪ್ಪು ಮಾಡುವುದನ್ನು ಮನೆಯಲ್ಲೇ ವಿಡಿಯೊ ತೆಗೆದುಕೊಂಡು ಹೋಗಿ ಟ್ಯಾಬ್‌ನಲ್ಲಿ ತೋರಿಸಿ. ಅಲ್ಲಿ ತಂತಿ ಕೂಡಿಸುವ ಕೆಲಸ ಮಾಡಿ ತೋರಿಸಿದರೆ ಸಾಕು, ಜನ ನಿಲ್ಲುವುದು ಅದಕ್ಕೇ. ಕರಕುಶಲ ರಫ್ತು ಮಂಡಳಿಯ ಮೂಲಕ ಹೋಗುತ್ತಿದ್ದರೆ ಖರ್ಚಿಗೆ ಸಹಾಯ ಇದೆಯಾ ಎಂದೂ ಈಗಲೇ ಕೇಳಿ, ಸ್ಟಾಲ್ ಬುಕ್ ಆದ ಮೇಲೆ ಕೇಳಿದರೆ ತಡ ಆಗುತ್ತದೆ. ಅಪ್ಪನ ಪಾಸ್‌ಪೋರ್ಟ್ ಅವಧಿ ನೋಡಿ, ವಾಪಸ್ ಬರುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಉಳಿದಿರಬೇಕು.